ನಾಯಿಯ ಕರುಳಿನ ಒಳಪದರಕ್ಕೂ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧವೇನು?

ಹೊಂಬೆಳಕು:

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿಗೆ ಈಗ ನಾಲ್ಕು ವರ್ಷ. ಕೆಲವು ತಿಂಗಳುಗಳಿಂದ ಅದಕ್ಕೆ ಬಿಟ್ಟು ಬಿಟ್ಟು ಭೇದಿಯಾಗುತ್ತಿದೆ. ಒಂದೆರಡು ವಾರ ಸರಿಯಿದ್ದು ಮತ್ತೆ ಮಲ ಸಡಿಲವಾಗುತ್ತದೆ, ಒಮ್ಮೊಮ್ಮೆ ಅದರಲ್ಲಿ ಲೋಳೆಯೂ ಸೇರಿರುತ್ತದೆ. ಇದರ ಜೊತೆಗೆ ಕಿವಿಯನ್ನು ಆಗಾಗ ಕೆರೆದುಕೊಳ್ಳುತ್ತದೆ. ಜಂತುಹುಳುವಿನ ಪರೀಕ್ಷೆ ಮತ್ತು ರಕ್ತಪರೀಕ್ಷೆ ಆಗಿವೆ. ನೋಡುತ್ತಿರುವ ಪಶುವೈದ್ಯರು ಇದು ಕರುಳಿನ ದೀರ್ಘಕಾಲದ ಉರಿಯೂತವಿರಬಹುದೆಂದೂ ಮೊದಲು ಆಹಾರ ಬದಲಿಸಿ ನೋಡೋಣವೆಂದೂ ಹೇಳಿದ್ದಾರೆ. ಮಾತಿನ ನಡುವೆ ಅವರು, ನಾಯಿಯ ರೋಗನಿರೋಧಕ ವ್ಯವಸ್ಥೆಯ ಬಹುಪಾಲು ಕೆಲಸ ಕರುಳಿನ ಒಳಪದರದಲ್ಲಿಯೇ ನಡೆಯುತ್ತದೆ ಎಂದರು.

ಆಹಾರವನ್ನು ಹೀರಿಕೊಳ್ಳಲೆಂದು ಇರುವ ಇಷ್ಟು ತೆಳುವಾದ ಪದರ ರೋಗವನ್ನು ತಡೆಯುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ. ಕರುಳಿನ ಮೂಲಕ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಹೇಳುವ ಪುಡಿ, ದ್ರಾವಣಗಳ ಜಾಹೀರಾತುಗಳು ದಿನವೂ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಕೊಡುವ ಮೊದಲು ಒಳಗೆ ಏನು ನಡೆಯುತ್ತದೆಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂಬುದು ನನ್ನ ಆಸೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಒಳವೈದ್ಯ:

ಹೊಂಬೆಳಕು ಅವರೇ, ಹೀರಿಕೊಳ್ಳುವ ಪದರವಾಗಿರುವುದರಿಂದಲೇ ಅದು ಕಾಯುವ ಪದರವೂ ಆಗಬೇಕಾಯಿತು. ಚರ್ಮಕ್ಕಾದರೆ ಸತ್ತ ಕೋಶಗಳ ದಪ್ಪ ಹೊದಿಕೆ ಇದೆ. ಕರುಳು ಹಾಗೆ ಹೊದ್ದುಕೊಂಡರೆ ಒಂದು ಹನಿ ಪೋಷಕಾಂಶವೂ ಒಳಗೆ ಹೋಗುವುದಿಲ್ಲ. ಹಾಗಾಗಿ ಆಹಾರ, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಅವುಗಳ ವಿಷಪದಾರ್ಥ ಎಲ್ಲವೂ ಹರಿಯುವ ದಾರಿಗೂ ರಕ್ತಕ್ಕೂ ನಡುವೆ ಇರುವುದು ಜೀವಂತ ಕೋಶಗಳ ಒಂದೇ ಒಂದು ಸಾಲು. ರೋಗನಿರೋಧಕ ಕೋಶಗಳು ಬೇರೆಲ್ಲಿಗಿಂತಲೂ ಹೆಚ್ಚಾಗಿ ಇಲ್ಲಿಯೇ ನೆಲೆಸಿರುವುದಕ್ಕೆ ಇದೇ ಕಾರಣ.

ಹೊರಗಿನಿಂದ ಬರುವ ಯಾವುದಕ್ಕೇ ಆಗಲಿ ಮೊದಲು ಎದುರಾಗುವುದು ಲೋಳೆ. ಒಳಪದರದ ನಡುನಡುವೆ ಇರುವ ಗಾಬ್ಲೆಟ್ ಕೋಶಗಳು ಇದನ್ನು ಸದಾ ಸುರಿಸುತ್ತಿರುತ್ತವೆ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಅತ್ಯಂತ ದಟ್ಟವಾಗಿರುವುದರಿಂದ ಅಲ್ಲಿ ಲೋಳೆಯೂ ದಪ್ಪ. ಅವು ಅದರ ಮೇಲ್ಭಾಗದಲ್ಲಿ ಬದುಕುತ್ತವೆಯೇ ಹೊರತು ಕೋಶಗಳನ್ನು ಮುಟ್ಟುವಷ್ಟು ಹತ್ತಿರ ಬರುವುದು ಕಡಿಮೆ. ನಿಮ್ಮ ನಾಯಿಯ ಮಲದಲ್ಲಿ ಕಾಣುವ ಲೋಳೆ, ಉರಿಯೂತಕ್ಕೆ ಉತ್ತರವಾಗಿ ದೊಡ್ಡ ಕರುಳು ಈ ಸ್ರಾವವನ್ನು ಹೆಚ್ಚಿಸಿರುವುದರ ಗುರುತು.

ಲೋಳೆಯ ಕೆಳಗೆ ಕೋಶಗಳ ಸಾಲು. ಕೋಶಕ್ಕೂ ಕೋಶಕ್ಕೂ ನಡುವಿನ ಸಂದನ್ನು ಕ್ಲಾಡಿನ್, ಆಕ್ಲೂಡಿನ್ ಮೊದಲಾದ ಪ್ರೋಟೀನುಗಳು ಬಿಗಿದಿರುತ್ತವೆ. ಈ ಬಿಗಿತ ಅಗತ್ಯಕ್ಕೆ ತಕ್ಕಂತೆ ಸಡಿಲಗೊಳ್ಳುತ್ತದೆ, ಮತ್ತೆ ಬಿಗಿಯುತ್ತದೆ. ಉರಿಯೂತದ ಸಂದೇಶವಾಹಕಗಳು ಹೆಚ್ಚಾದಾಗ ಸಡಿಲವಾಗಿಯೇ ಉಳಿದುಬಿಡುತ್ತದೆ. ಈ ಕೋಶಗಳ ಆಯುಸ್ಸು ಕೆಲವೇ ದಿನ. ಕ್ರಿಪ್ಟ್ ಎಂದು ಕರೆಯುವ ಸಣ್ಣ ಕುಳಿಗಳ ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ ಬಲಿತು, ಒಳಪದರದಿಂದ ಪುಟ್ಟ ಬೆರಳುಗಳಂತೆ ಚಾಚಿರುವ ವಿಲ್ಲಸ್‌ಗಳ ತುದಿಯಲ್ಲಿ ಉದುರಿಹೋಗುತ್ತವೆ. ಹಾನಿಗೊಂಡ ಕೋಶ, ಅದಕ್ಕೆ ಅಂಟಿಕೊಂಡ ರೋಗಾಣು ಎರಡೂ ಒಟ್ಟಿಗೆ ಹೊರಬೀಳುವುದರಿಂದ ಈ ನಿರಂತರ ಉದುರುವಿಕೆಯೂ ರಕ್ಷಣೆಯ ಒಂದು ವಿಧಾನವೇ.

ಕೋಶಗಳ ಸಾಲಿನ ಕೆಳಗೆ ಲ್ಯಾಮಿನಾ ಪ್ರೊಪ್ರಿಯಾ ಎಂಬ ಸಡಿಲವಾದ ಅಂಗಾಂಶವಿದೆ. ಅಲ್ಲಿರುವ ಪ್ಲಾಸ್ಮಾ ಕೋಶಗಳು ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಎರಡು ಐಜಿಎ ಅಣುಗಳು ಜೊತೆಗೂಡಿ, ಒಳಪದರದ ಕೋಶಗಳ ತಳದಲ್ಲಿರುವ ಗ್ರಾಹಿಗೆ (ಅಣುಗಳನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿ, ಕೋಶದ ಒಳಗಿನಿಂದಲೇ ಸಾಗಿ ಕರುಳಿನ ಪೊಳ್ಳಿಗೆ ಬರುತ್ತವೆ. ಬರುವಾಗ ಆ ಗ್ರಾಹಿಯ ಒಂದು ತುಂಡನ್ನೂ ಜೊತೆಗೆ ತರುತ್ತವೆ, ಅದು ಜೀರ್ಣರಸಗಳಿಂದ ಪ್ರತಿಕಾಯವನ್ನು ಕಾಪಾಡುತ್ತದೆ. ಹೀಗೆ ಹೊರಬಂದ ಐಜಿಎ ರೋಗಾಣುವಿಗೆ ಸುತ್ತಿಕೊಂಡು, ಅದು ಕೋಶಕ್ಕೆ ಅಂಟದಂತೆ ತಡೆದು, ಮಲದೊಂದಿಗೆ ಸಾಗಹಾಕುತ್ತದೆ. ಇಷ್ಟೆಲ್ಲ ನಡೆದರೂ ಉರಿಯೂತ ಹುಟ್ಟುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕರುಳಿನ ರೋಗನಿರೋಧಕತೆಯನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಎಳೆ ಇದು.

ಏಕೆಂದರೆ ಈ ಪದರದ ದಿನನಿತ್ಯದ ಕೆಲಸದಲ್ಲಿ ಹೋರಾಟದ ಪಾಲು ಚಿಕ್ಕದು, ಸಹಿಸಿಕೊಳ್ಳುವುದರ ಪಾಲು ದೊಡ್ಡದು. ದಿನವೂ ಬರುವ ಆಹಾರದ ಪ್ರೋಟೀನು ನಾಯಿಯ ದೇಹಕ್ಕೆ ಪರಕೀಯವೇ. ಆದರೂ ಅದರ ಮೇಲೆ ದಾಳಿ ನಡೆಯಬಾರದು. ಒಳಪದರದ ಕೆಳಗಿರುವ ಡೆಂಡ್ರೈಟಿಕ್ ಕೋಶಗಳು ಆಹಾರದ ತುಣುಕುಗಳನ್ನು ಹಿಡಿದು ಹತ್ತಿರದ ಲಿಂಫ್ ಗ್ರಂಥಿಗಳಿಗೆ ಒಯ್ದು, ವಿಟಮಿನ್ ಎ ಯಿಂದ ತಯಾರಾಗುವ ರೆಟಿನೋಯಿಕ್ ಆಮ್ಲದ ನೆರವಿನಿಂದ ಅಲ್ಲಿ ನಿಯಂತ್ರಕ ಟಿ ಕೋಶಗಳನ್ನು ರೂಪಿಸುತ್ತವೆ; "ಇದನ್ನು ಬಿಡಿ, ಇದು ಶತ್ರುವಲ್ಲ" ಎಂಬ ಸೂಚನೆಯನ್ನು ಈ ಟಿ ಕೋಶಗಳು ಇಡೀ ದೇಹಕ್ಕೆ ಕೊಂಡೊಯ್ಯುತ್ತವೆ.

ಕರುಳಿನ ದೀರ್ಘಕಾಲದ ಉರಿಯೂತವಿರುವ ನಾಯಿಯಲ್ಲಿ ಕೆಡುವುದು ಈ ಸಹಿಷ್ಣುತೆ. ರೋಗನಿರೋಧಕ ವ್ಯವಸ್ಥೆ ಅಲ್ಲಿ ದುರ್ಬಲವಾಗಿರುವುದಿಲ್ಲ, ಅನಗತ್ಯವಾಗಿ ಉರಿಯುತ್ತಿರುತ್ತದೆ. ಆಹಾರ ಬದಲಿಸಿದಾಗ ಇಂತಹ ನಾಯಿಗಳಲ್ಲಿ ದೊಡ್ಡ ಪಾಲು ಚೇತರಿಸಿಕೊಳ್ಳುತ್ತವೆ. ಚೇತರಿಸಿಕೊಳ್ಳದವುಗಳಲ್ಲಿ ಹಲವಕ್ಕೆ ಕೊನೆಗೆ ನಾವು ಕೊಡುವುದು ಪ್ರೆಡ್ನಿಸೊಲೋನ್, ಅಂದರೆ ನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧ. ಇಂತಹ ನಾಯಿಗೆ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಪುಡಿ ಬೇಕೆಂದು ಯಾರಾದರೂ ಹೇಳಿದರೆ, ಯಾವ ಪ್ರತಿಕ್ರಿಯೆಯನ್ನು ಹೆಚ್ಚಿಸಲು ಹೊರಟಿದ್ದೀರಿ ಎಂದು ಅವರನ್ನು ಕೇಳಬೇಕಾಗುತ್ತದೆ.

ಸೂಕ್ಷ್ಮದರ್ಶಕ:

ನಾನು ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವುದರಿಂದ, ಒಳವೈದ್ಯರು ಹೇಳಿದ್ದು ಗಾಜಿನ ಸ್ಲೈಡಿನ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಸೇರಿಸುತ್ತೇನೆ. ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕು ಕೆಲವೇ ಮಿಲಿಮೀಟರ್ ಇರುತ್ತದೆ. ಬಣ್ಣ ಹಾಕಿದ ಮೇಲೆ ಆರೋಗ್ಯವಂತ ನಾಯಿಯ ಸಣ್ಣ ಕರುಳಿನಲ್ಲಿ ನೀಳವಾದ ವಿಲ್ಲಸ್‌ಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಅಂಚಿನಲ್ಲಿ ಗುಲಾಬಿ ಬಣ್ಣದ ಕೋಶಗಳ ಸಾಲು, ಆ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕಡುನೇರಳೆ ಚುಕ್ಕೆ. ಆ ಚುಕ್ಕೆಗಳು ಒಳಪದರದೊಳಗೇ ನೆಲೆಸಿರುವ ನಿರೋಧಕ ಕೋಶಗಳಾದ ಲಿಂಫೋಸೈಟ್‌ಗಳು. ಅವು ಅಲ್ಲಿರುವುದು ರೋಗದ ಲಕ್ಷಣವಲ್ಲ, ಅದು ಅವುಗಳ ಖಾಯಂ ವಿಳಾಸ.

ಉರಿಯೂತವಿರುವ ಕರುಳಿನಲ್ಲಿ ಇದೇ ಚಿತ್ರ ಕದಡಿರುತ್ತದೆ. ವಿಲ್ಲಸ್‌ಗಳು ಗಿಡ್ಡವಾಗಿ ಮೊಂಡಾಗಿರುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಲ್ಯಾಮಿನಾ ಪ್ರೊಪ್ರಿಯಾದಲ್ಲಿ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು ಒತ್ತೊತ್ತಾಗಿ ತುಂಬಿರುತ್ತವೆ, ಕ್ರಿಪ್ಟ್‌ಗಳು ಅಗಲವಾಗಿ ಅವುಗಳೊಳಗೆ ಸತ್ತ ಕೋಶಗಳ ಕಸ ಸೇರಿರುತ್ತದೆ. ಕೆಲವು ನಾಯಿಗಳಲ್ಲಿ ಕೊಬ್ಬನ್ನು ಸಾಗಿಸುವ ಲಿಂಫ್ ನಾಳಗಳು ಹಿಗ್ಗಿ, ವಿಲ್ಲಸ್‌ನ ನಡುವೆ ದೊಡ್ಡ ಬಿಳಿಯ ಖಾಲಿ ಜಾಗದಂತೆ ಕಾಣುತ್ತವೆ. ಅಲ್ಲಿಂದ ಪ್ರೋಟೀನು ಸೋರುತ್ತದೆ. ಇವನ್ನೆಲ್ಲ ಒಂದೇ ಅಳತೆಯಲ್ಲಿ ವರದಿ ಮಾಡಲು 2008ರಲ್ಲಿ ವಿಶ್ವ ಕಿರುಪ್ರಾಣಿ ಪಶುವೈದ್ಯ ಸಂಘದ ತಂಡವೊಂದು ಮಾದರಿಗಳನ್ನು ಪ್ರಕಟಿಸಿತು. ಇಷ್ಟಾದರೂ ಸ್ಲೈಡಿನಲ್ಲಿ ಕಾಣುವ ಹಾನಿಯ ಮಟ್ಟಕ್ಕೂ ನಾಯಿಯ ಭೇದಿಯ ತೀವ್ರತೆಗೂ ಯಾವಾಗಲೂ ತಾಳೆಯಾಗುವುದಿಲ್ಲ. ಬಯಾಪ್ಸಿಯ, ಅಂದರೆ ಹೀಗೆ ತೆಗೆದ ತುಣುಕಿನ ಪರೀಕ್ಷೆಯ, ವರದಿಯೊಂದನ್ನೇ ಹಿಡಿದು ಹೆದರುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಪೇಯರ್ ತೇಪೆಗಳ ವಿಷಯವನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಯೋಹಾನ್ ಕಾನ್ರಾಡ್ ಪೇಯರ್ 1677ರಲ್ಲಿ ವಿವರಿಸಿದ ಈ ಲಿಂಫ್ ಗುಚ್ಛಗಳು ಸಣ್ಣ ಕರುಳಿನ ಗೋಡೆಯಲ್ಲಿವೆ. ಅವುಗಳ ಮೇಲಿರುವ ಎಂ ಕೋಶಗಳು ಕರುಳಿನಲ್ಲಿ ಹಾದುಹೋಗುವ ಕಣಗಳನ್ನು ತಾವಾಗಿಯೇ ಎಳೆದುಕೊಂಡು ಕೆಳಗಿರುವ ನಿರೋಧಕ ಕೋಶಗಳಿಗೆ ಒಪ್ಪಿಸುತ್ತವೆ. ನಾಯಿಯಲ್ಲಿ ಇಂತಹ ಚಿಕ್ಕ ತೇಪೆಗಳು ಸಣ್ಣ ಕರುಳಿನ ಉದ್ದಕ್ಕೂ ಇಪ್ಪತ್ತಕ್ಕಿಂತ ಹೆಚ್ಚಿದ್ದು, ಅವು ಬದುಕಿನುದ್ದಕ್ಕೂ ಉಳಿಯುತ್ತವೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ ಒಂದೇ ಉದ್ದನೆಯ ತೇಪೆ ಮಾತ್ರ ಮರಿಯಲ್ಲಿ ದೊಡ್ಡದಾಗಿದ್ದು, ಪ್ರಾಯಕ್ಕೆ ಬಂದ ಮೇಲೆ ಕುಗ್ಗಿಹೋಗುತ್ತದೆ. ಇಲಿ ಮತ್ತು ಮನುಷ್ಯರ ಬಗ್ಗೆ ಬರೆದ ಪಾಠಗಳನ್ನು ನಾಯಿಗೆ ನೇರವಾಗಿ ಅನ್ವಯಿಸಬಾರದೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಕೊಡುವ ಉದಾಹರಣೆಗಳಲ್ಲಿ ಇದೊಂದು. ಇನ್ನೊಂದು ಪ್ಯಾನೆತ್ ಕೋಶ: ಮನುಷ್ಯರ ಕ್ರಿಪ್ಟ್‌ನ ತಳದಲ್ಲಿ ರೋಗಾಣುನಾಶಕಗಳನ್ನು ಸ್ರವಿಸುವ ಈ ಕೋಶಗಳು ನಾಯಿಯಲ್ಲಿ ಇಲ್ಲವೆಂದೇ ಅಂಗಾಂಶಶಾಸ್ತ್ರದ ಪಠ್ಯಗಳು ಹೇಳುತ್ತವೆ.

ಮರಿಪಾಲಕಿ:

ಚರ್ಚೆ ಬಹಳ ಉಪಯುಕ್ತವಾಗಿದೆ. ನಾನು ಹಲವು ವರ್ಷಗಳಿಂದ ಹೆಣ್ಣುನಾಯಿಗಳ ಬಾಣಂತನ ನೋಡಿಕೊಳ್ಳುತ್ತಾ ಬಂದಿದ್ದೇನೆ. ಕರುಳಿನ ಒಳಪದರದ ಮಹತ್ವ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮರಿ ಹುಟ್ಟಿದ ಮೊದಲ ದಿನದಲ್ಲಿ. ನಾಯಿಯ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳು ಮರಿಗೆ ದಾಟುವುದು ಅತ್ಯಲ್ಪ, ಶೇ. 5ರಿಂದ 10ರಷ್ಟು ಮಾತ್ರ. ಉಳಿದದ್ದೆಲ್ಲ ತಾಯಿಯ ಮೊದಲ ಹಾಲಿನಿಂದಲೇ ಬರಬೇಕು. ಆ ಹೊತ್ತಿನಲ್ಲಿ ಮರಿಯ ಕರುಳು ಪ್ರತಿಕಾಯಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತದೆ. ಆದರೆ ಹುಟ್ಟಿದ ನಾಲ್ಕು ತಾಸಿನ ಹೊತ್ತಿಗೇ ಆ ದಾರಿ ಕಿರಿದಾಗತೊಡಗಿ, 12ರಿಂದ 16 ತಾಸುಗಳಲ್ಲಿ ಬಹುತೇಕ ಮುಚ್ಚಿಹೋಗುತ್ತದೆ.

ಹಾಗಾಗಿ ಹೆರಿಗೆಯ ದಿನ ನನ್ನ ಗಮನವೆಲ್ಲ ಅತ್ಯಂತ ಚಿಕ್ಕ ಮರಿಯ ಮೇಲಿರುತ್ತದೆ. ದೊಡ್ಡ ಮರಿಗಳು ಅದನ್ನು ಪಕ್ಕಕ್ಕೆ ತಳ್ಳುತ್ತವೆ, ಅದು ಮೊಲೆಯನ್ನು ಹಿಡಿದಂತೆ ಕಂಡರೂ ನಾಲಿಗೆ ಸುತ್ತಿಕೊಂಡಿರುವುದಿಲ್ಲ, ಗಂಟಲು ಆಡುತ್ತಿರುವುದಿಲ್ಲ. ಮೈ ತಣ್ಣಗಾಗಿದ್ದರೆ ಅದಕ್ಕೆ ಚೀಪಲು ಶಕ್ತಿಯೇ ಇರುವುದಿಲ್ಲವಾದ್ದರಿಂದ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚಿ, ನುಂಗುವುದು ಕಾಣುವವರೆಗೂ ಕೈಯಲ್ಲಿ ಹಿಡಿದಿರುತ್ತೇನೆ. ನಾಳೆ ನೋಡಿದರಾಯಿತು ಎಂದು ಬಿಡುವ ಕೆಲಸ ಇದಲ್ಲ.

ಡಾಕ್ಟರ್ ಅವರಲ್ಲಿ ನನ್ನದೊಂದು ಪ್ರಶ್ನೆ. ಹೀಗೆ ಪಡೆದ ಪ್ರತಿಕಾಯಗಳಿದ್ದರೂ ಪಾರ್ವೊ ವೈರಸ್ ರೋಗ ಬಂದಾಗ ಮರಿಗಳು ಅಷ್ಟು ಬೇಗ ಕುಸಿಯುವುದೇಕೆ?

ಒಳವೈದ್ಯ:

ಮರಿಪಾಲಕಿ ಅವರೇ, ತಾಯಿಯಿಂದ ಬಂದ ಪ್ರತಿಕಾಯಗಳು ವಾರಗಳು ಕಳೆದಂತೆ ಕರಗುತ್ತವೆ. ಕರಗುವ ವೇಗ ಮರಿಯಿಂದ ಮರಿಗೆ ಬೇರೆ. ರೋಗವನ್ನು ತಡೆಯಲು ಸಾಲದಷ್ಟು, ಆದರೆ ಲಸಿಕೆ ನಾಟದಂತೆ ಮಾಡಲು ಸಾಲುವಷ್ಟು ಪ್ರತಿಕಾಯ ಉಳಿದಿರುವ ಕೆಲವು ದಿನಗಳು ಪ್ರತಿ ಮರಿಯ ಬದುಕಿನಲ್ಲಿಯೂ ಬರುತ್ತವೆ. ಪಾರ್ವೊ ನುಗ್ಗುವುದು ಹೆಚ್ಚಾಗಿ ಆಗಲೇ. ಲಸಿಕೆಯನ್ನು ಒಂದೇ ಸಲಕ್ಕೆ ಮುಗಿಸದೆ, ಮರಿಯ ಸರಣಿಯ ಕೊನೆಯ ಚುಚ್ಚುಮದ್ದು 16 ವಾರ ಅಥವಾ ಆಮೇಲೆ ಬೀಳುವಂತೆ ನೋಡಿಕೊಳ್ಳಬೇಕೆನ್ನುವುದು ಈ ಕಾರಣಕ್ಕೆ.

1978ರಲ್ಲಿ ಜಗತ್ತಿನಾದ್ಯಂತ ಹರಡಿದ ಈ ವೈರಸ್‌ಗೆ ಬೆಳೆಯಲು ಒಡೆಯುತ್ತಿರುವ ಕೋಶಗಳೇ ಬೇಕು. ಕರುಳಿನಲ್ಲಿ ಅವು ಎಲ್ಲಿವೆ ಎಂದು ಮೇಲೆ ಹೇಳಿದ್ದೇನೆ: ಕ್ರಿಪ್ಟ್‌ನ ತಳದಲ್ಲಿ. ವೈರಸ್ ಅಲ್ಲಿಗೆ ಹೊಡೆಯುತ್ತದೆ. ತುದಿಯಲ್ಲಿ ಕೋಶಗಳು ಎಂದಿನಂತೆ ಉದುರುತ್ತಲೇ ಇರುತ್ತವೆ, ಕೆಳಗಿನಿಂದ ಹೊಸವು ಬರುವುದಿಲ್ಲ. ಎರಡು ಮೂರು ದಿನಗಳಲ್ಲಿ ವಿಲ್ಲಸ್‌ಗಳು ಕುಸಿದು ಒಳಪದರ ಬೋಳಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ರಕ್ತದ ದಾರಿ ತೆರೆಯುತ್ತದೆ. ವೈರಸ್ ಅದೇ ಹೊತ್ತಿಗೆ ಮೂಳೆಯ ಮಜ್ಜೆಯನ್ನೂ ಹಿಡಿದಿರುವುದರಿಂದ, ಅವುಗಳನ್ನು ಎದುರಿಸಬೇಕಾದ ಬಿಳಿ ರಕ್ತಕಣಗಳೂ ಪಾತಾಳಕ್ಕೆ ಇಳಿದಿರುತ್ತವೆ. ಈ ಎರಡು ಹೊಡೆತ ಒಟ್ಟಿಗೆ ಬೀಳುವುದರಿಂದಲೇ ಮರಿ ಅಷ್ಟು ಬೇಗ ಕುಸಿಯುತ್ತದೆ.

ವಾಂತಿ ನಿಲ್ಲುವವರೆಗೆ ಬಾಯಿಗೆ ಏನೂ ಕೊಡಬಾರದೆಂಬುದು ಹಿಂದೆ ಎಲ್ಲರೂ ಪಾಲಿಸುತ್ತಿದ್ದ ನಿಯಮ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾರ್ವೊ ತಗುಲಿದ್ದ 30 ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾಂತಿ ನಿಲ್ಲುವವರೆಗೆ ಉಪವಾಸ ಹಾಕಿ, ಇನ್ನೊಂದಕ್ಕೆ ದಾಖಲಾದ 12 ತಾಸುಗಳ ನಂತರ ಮೂಗಿನ ನಳಿಕೆಯ ಮೂಲಕ ಆಹಾರ ಕೊಡಲು ಆರಂಭಿಸಿದರು. ಬೇಗ ಆಹಾರ ಪಡೆದ ಗುಂಪು ಬೇಗ ಚೇತರಿಸಿಕೊಂಡಿತು, ಅವುಗಳ ತೂಕವೂ ಏರಿತು. ಒಳಪದರದ ಕೋಶಗಳು ತಮ್ಮ ಪೋಷಣೆಯ ಒಂದು ಭಾಗವನ್ನು ಕರುಳಿನಲ್ಲಿ ಹರಿಯುವ ಆಹಾರದಿಂದಲೇ ನೇರವಾಗಿ ಪಡೆಯುತ್ತವೆ. ರಕ್ತನಾಳಕ್ಕೆ ಎಷ್ಟೇ ದ್ರವ ಹರಿಸಿದರೂ ಆ ಭಾಗವನ್ನು ತುಂಬಲಾಗುವುದಿಲ್ಲ.

ಶೆಫರ್ಡ್ ಬಂಧು:

ನಮ್ಮಲ್ಲಿರುವುದು ಜರ್ಮನ್ ಶೆಫರ್ಡ್. ಈ ತಳಿಗೆ ಹೊಟ್ಟೆಯ ತೊಂದರೆ ಹೆಚ್ಚೆಂದು ಎಲ್ಲರೂ ಹೇಳುತ್ತಾರೆ. ಇದಕ್ಕೂ ಕರುಳಿನ ನಿರೋಧಕತೆಗೂ ಸಂಬಂಧವಿದೆಯೇ?

ಸೂಕ್ಷ್ಮದರ್ಶಕ:

ಇದೆ, ಶೆಫರ್ಡ್ ಬಂಧು ಅವರೇ. ಈ ತಳಿಯ ಕೆಲವು ನಾಯಿಗಳಲ್ಲಿ ಐಜಿಎ ಕೊರತೆಯಿದೆ ಎಂಬ ಮಾತು ಹಳೆಯದು, ಆದರೆ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ಹೆಚ್ಚು ಗಟ್ಟಿಯಾದ ಸುಳಿವು ಬೇರೊಂದು ಕಡೆ ಇದೆ. ಬ್ಯಾಕ್ಟೀರಿಯಾಗಳ ಗುರುತು ಹಿಡಿಯುವ ಟೋಲ್ ಮಾದರಿಯ ಗ್ರಾಹಿಗಳ ಪೈಕಿ 4 ಮತ್ತು 5ನೆಯವುಗಳ ವಂಶವಾಹಿಗಳಲ್ಲಿ ಇರುವ ಕೆಲವು ಬದಲಾವಣೆಗಳಿಗೂ ಈ ತಳಿಯ ಕರುಳಿನ ಉರಿಯೂತಕ್ಕೂ ಸಂಬಂಧವಿರುವುದನ್ನು 2010ರಲ್ಲಿ ತೋರಿಸಲಾಯಿತು. ಗುರುತು ಹಿಡಿಯುವ ಕಣ್ಣಿನಲ್ಲೇ ವ್ಯತ್ಯಾಸವಿದ್ದರೆ, ಕರುಳಿನ ಸಹಜ ನಿವಾಸಿಗಳ ವಿರುದ್ಧವೂ ಪ್ರತಿಕ್ರಿಯೆ ಏಳಬಹುದು.

ಬಾಕ್ಸರ್ ತಳಿಯ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಎಳೆಯ ಬಾಕ್ಸರ್‌ಗಳಲ್ಲಿ ಕಾಣುತ್ತಿದ್ದ ದೊಡ್ಡ ಕರುಳಿನ ಒಂದು ತೀವ್ರ ಉರಿಯೂತವನ್ನು ಬಹುಕಾಲ ನಿರೋಧಕ ವ್ಯವಸ್ಥೆಯ ಅತಿರೇಕವೆಂದೇ ಭಾವಿಸಿ, ಅದನ್ನು ತಗ್ಗಿಸುವ ಔಷಧ ಕೊಡುತ್ತಿದ್ದರು, ನಾಯಿಗಳು ಸುಧಾರಿಸುತ್ತಿರಲಿಲ್ಲ. 2006ರ ಹೊತ್ತಿಗೆ ಆ ನಾಯಿಗಳ ಒಳಪದರದೊಳಗೇ, ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಕೋಶಗಳಲ್ಲಿ, ಇ. ಕೋಲೈ ಜೀವಂತವಾಗಿ ಕೂತಿರುವುದು ಪತ್ತೆಯಾಯಿತು. ಸರಿಯಾದ ಆ್ಯಂಟಿಬಯಾಟಿಕ್ ಕೊಟ್ಟಾಗ ಗುಣವಾಯಿತು. ಈಗ ಆ ರೋಗಾಣುಗಳಲ್ಲಿ ಔಷಧಕ್ಕೆ ಬಗ್ಗದವು ಹೆಚ್ಚಿರುವುದರಿಂದ ಮೊದಲು ಬಯಾಪ್ಸಿಯ ತುಣುಕಿನಿಂದ ಅವನ್ನು ಬೆಳೆಸಿ, ಯಾವ ಔಷಧ ನಾಟುತ್ತದೆಂದು ಪರೀಕ್ಷಿಸಬೇಕಾಗುತ್ತದೆ. ಕರುಳಿನ ಉರಿಯೂತವೆಂದು ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ಇಂತಹ ಬೇರೆ ಬೇರೆ ರೋಗಗಳು ಅಡಗಿರುತ್ತವೆ.

ತರ್ಕ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಎರಡು ವಿಷಯಗಳ ಬಗ್ಗೆ ಸ್ಪಷ್ಟತೆ ಬೇಕು. ಮೊದಲನೆಯದು, ರೋಗನಿರೋಧಕ ವ್ಯವಸ್ಥೆಯ ಶೇ. 70 ಭಾಗ ಕರುಳಿನಲ್ಲಿದೆ ಎಂಬ ಮಾತು. ಎರಡನೆಯದು, ಸೋರುವ ಕರುಳು ಎಂಬ ಹೆಸರಿನಲ್ಲಿ ಚರ್ಮದ ತುರಿಕೆಯಿಂದ ಹಿಡಿದು ಎಲ್ಲ ರೋಗಗಳಿಗೂ ಕಾರಣ ಹುಡುಕುವ ಮಾತು. ಇವೆರಡರಲ್ಲಿ ವಿಜ್ಞಾನವೆಷ್ಟು, ವ್ಯಾಪಾರವೆಷ್ಟು?

ಒಳವೈದ್ಯ:

ತರ್ಕ ಅವರೇ, ಶೇ. 70 ಎಂಬುದನ್ನು ಅಳೆದು ತೂಗಿದ ಅಂಕಿಯೆಂದು ಹಿಡಿಯಬೇಡಿ. ಯಾವ ಕೋಶಗಳನ್ನು ಎಣಿಸುತ್ತೇವೆ ಎಂಬುದರ ಮೇಲೆ ಅದು ಬದಲಾಗುತ್ತದೆ. ದೇಹದ ಬೇರಾವ ಅಂಗದಲ್ಲಿಯೂ ಇಲ್ಲದಷ್ಟು ನಿರೋಧಕ ಕೋಶಗಳು ಕರುಳಿನಲ್ಲಿವೆ ಎಂದರೆ ಸಾಕು, ಅಷ್ಟು ನಿಜ.

ಎರಡನೆಯದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಒಳಪದರದ ಸೋರಿಕೆ ಕಲ್ಪನೆಯಲ್ಲ. ಲ್ಯಾಕ್ಟ್ಯುಲೋಸ್, ರ್‍ಯಾಮ್ನೋಸ್ ಎಂಬ ಎರಡು ಸಕ್ಕರೆಗಳನ್ನು ಕುಡಿಸಿ, ಮೂತ್ರದಲ್ಲಿ ಅಥವಾ ರಕ್ತದಲ್ಲಿ ಅವುಗಳ ಪ್ರಮಾಣ ನೋಡಿ ಸಂಶೋಧಕರು ಇದನ್ನು ನಾಯಿಗಳಲ್ಲಿ ಅಳೆದಿದ್ದಾರೆ. ಗೋಧಿಯ ಗ್ಲುಟೆನ್ ಒಗ್ಗದ ಐರಿಶ್ ಸೆಟರ್ ನಾಯಿಗಳಲ್ಲಿ, ಹಿಮದ ಮೇಲೆ ದೂರದ ಓಟ ಓಡುವ ನಾಯಿಗಳಲ್ಲಿ ಸೋರಿಕೆ ಹೆಚ್ಚಿರುವುದು ಕಂಡುಬಂದಿದೆ. ಬಿಸಿಲಿನ ಹೊಡೆತಕ್ಕೆ ಸಿಕ್ಕ ನಾಯಿಯಲ್ಲಿ ಒಳಪದರ ಕುಸಿದು ರಕ್ತಭೇದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಸೋರಿಕೆ ಎಂಬುದು ಒಂದು ಸ್ಥಿತಿ. ಅದರ ಹಿಂದೆ ಒಂದು ಕಾರಣವಿರುತ್ತದೆ, ಹುಡುಕಬೇಕಾದದ್ದು ಆ ಕಾರಣವನ್ನು. ಅದನ್ನೇ ರೋಗದ ಹೆಸರಾಗಿ ಬರೆದು ಔಷಧ ಮಾರುವುದು ಸರಿಯಲ್ಲ.

ಒಳಪದರವನ್ನು ಜರಡಿಯೆಂದು ಊಹಿಸಿಕೊಂಡರೆ ತೂತು ಬಿದ್ದ ಕೂಡಲೇ ಎಲ್ಲವೂ ಮುಗಿಯಿತೆಂದು ಅನ್ನಿಸುತ್ತದೆ. ನಿಜದಲ್ಲಿ ರಕ್ಷಣೆ ಆ ಒಂದು ಸಾಲಿಗೆ ನಿಲ್ಲುವುದಿಲ್ಲ. ನಾಯಿಗಳಲ್ಲಿ ಇದ್ದಕ್ಕಿದ್ದಂತೆ ರಕ್ತಭೇದಿಯಾಗುವ ಒಂದು ಕಾಯಿಲೆಯಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ವಿಷ ಅದರಲ್ಲಿ ಒಳಪದರದ ಕೋಶಗಳನ್ನು ಕೊಲ್ಲುತ್ತದೆಂದು ನಂಬಲಾಗಿದೆ. ಅಷ್ಟು ಹಾನಿಯಾದ ಮೇಲೆ ಆ್ಯಂಟಿಬಯಾಟಿಕ್ ಇಲ್ಲದೆ ನಾಯಿ ಬದುಕೀತೇ ಎಂಬ ಭಯ ಸಹಜ. ಆದರೆ 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರಕ್ತ ನಂಜಾದ ಲಕ್ಷಣಗಳಿಲ್ಲದ ಇಂತಹ ನಾಯಿಗಳಲ್ಲಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ ಪಡೆದವುಗಳಿಗೂ ಪಡೆಯದವುಗಳಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಳಪದರವನ್ನು ದಾಟಿ ಬಂದದ್ದನ್ನು ಲಿಂಫ್ ಗ್ರಂಥಿಗಳು ಹಿಡಿಯುತ್ತವೆ. ಕರುಳಿನ ರಕ್ತವೆಲ್ಲ ಮೊದಲು ಯಕೃತ್ತಿಗೇ ಹೋಗುವುದರಿಂದ ಅಲ್ಲಿನ ಕುಪ್ಫರ್ ಕೋಶಗಳು ಉಳಿದದ್ದನ್ನು ನುಂಗುತ್ತವೆ. ಹಾಗೆಂದು ರಕ್ತಭೇದಿಯಾದ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ಕಾಯಬೇಡಿ. ಆ ನಾಯಿಗಳನ್ನು ಉಳಿಸುವುದು ತಕ್ಷಣ ಕೊಡುವ ದ್ರವ, ಅದಕ್ಕೆ ಆಸ್ಪತ್ರೆಯೇ ಬೇಕು.

ಅಣುಜೀವಿ:

ಕರುಳಿನ ಸೂಕ್ಷ್ಮಜೀವಿಗಳ ಮಾತು ಇನ್ನೂ ಬಂದಿಲ್ಲವಾದ್ದರಿಂದ ಸೂಕ್ಷ್ಮಜೀವಿ ವಿಜ್ಞಾನದ ವಿದ್ಯಾರ್ಥಿಯಾಗಿ ಸೇರಿಸುತ್ತಿದ್ದೇನೆ. ನಾರಿನಂಶವನ್ನು ಹುದುಗಿಸಿ ಬ್ಯಾಕ್ಟೀರಿಯಾಗಳು ತಯಾರಿಸುವ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರಕ್ಕೆ ಮುಖ್ಯ ಇಂಧನ. ಕೋಶಗಳ ನಡುವಿನ ಸಂದು ಬಿಗಿಯಾಗಿರುವುದಕ್ಕೂ ನಿಯಂತ್ರಕ ಟಿ ಕೋಶಗಳು ಬೆಳೆಯುವುದಕ್ಕೂ ಅದು ನೆರವಾಗುತ್ತದೆ. ನಾಯಿಗಳಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಕ್ಲಾಸ್ಟ್ರಿಡಿಯಂ ಹಿರಾನೋನಿಸ್ ಎಂದು ಪರಿಚಿತವಾಗಿದ್ದು ಈಗ ಪೆಪ್ಟಾಸಿಟೊಬ್ಯಾಕ್ಟರ್ ಹಿರಾನೋನಿಸ್ ಎಂದು ಹೆಸರು ಬದಲಾಗಿರುವ ಜೀವಿ. ಯಕೃತ್ತಿನಿಂದ ಬರುವ ಪಿತ್ತ ಆಮ್ಲಗಳನ್ನು ಅದು ದ್ವಿತೀಯ ರೂಪಕ್ಕೆ ಪರಿವರ್ತಿಸುತ್ತದೆ. ಈ ರೂಪ ಹಾನಿಕಾರಕ ಬ್ಯಾಕ್ಟೀರಿಯಾಗಳನ್ನು ಅದುಮಿಡುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ.

ಮೆಟ್ರೊನಿಡಜೋಲ್ ಕೊಟ್ಟಾಗ ಮೊದಲು ಹೋಗುವವುಗಳಲ್ಲಿ ಈ ಜೀವಿಯೂ ಒಂದು. ಆರೋಗ್ಯವಂತ ನಾಯಿಗಳಿಗೆ ಎರಡು ವಾರ ಈ ಔಷಧ ಕೊಟ್ಟು ನೋಡಿದ 2020ರ ಅಧ್ಯಯನದಲ್ಲಿ, ನಿಲ್ಲಿಸಿ ನಾಲ್ಕು ವಾರಗಳಾದ ಮೇಲೂ ಕೆಲವು ನಾಯಿಗಳ ಸೂಕ್ಷ್ಮಜೀವಿಗಳು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ. ಸಾಮಾನ್ಯ ಭೇದಿಗೆಲ್ಲ ಈ ಮಾತ್ರೆಯನ್ನು ಕೇಳಿ ಪಡೆಯುವ ಅಭ್ಯಾಸವನ್ನು ನಾವು ಬಿಡಲೇಬೇಕು ಎಂಬುದು ನನ್ನ ದೃಢವಾದ ಅನಿಸಿಕೆ.

ಜೀವಂತ ಉಪಕಾರಿ ಬ್ಯಾಕ್ಟೀರಿಯಾಗಳಿರುವ ಪ್ರೋಬಯಾಟಿಕ್‌ಗಳನ್ನು ಮಾತ್ರ ಪೂರ್ತಿಯಾಗಿ ತಳ್ಳಿಹಾಕಲಾರೆ. ಎಂಟೆರೊಕಾಕಸ್ ಫೀಸಿಯಂ ಎಂಬ ಜೀವಿಯ ಎಸ್‌ಎಫ್68 ತಳಿಯನ್ನು ಆಹಾರದೊಂದಿಗೆ ಪಡೆದ ಮರಿಗಳ ಮಲದಲ್ಲಿ ಐಜಿಎ ಹೆಚ್ಚಿದ್ದುದನ್ನೂ, ಡಿಸ್ಟೆಂಪರ್ ಎಂಬ ವೈರಸ್ ರೋಗದ ಲಸಿಕೆಗೆ ಅವುಗಳ ಪ್ರತಿಕಾಯ ಉತ್ತಮವಾಗಿದ್ದುದನ್ನೂ 2003ರ ಅಧ್ಯಯನವೊಂದು ತೋರಿಸಿದೆ. ಕರುಳಿಗೆ ಕೊಟ್ಟದ್ದರ ಪರಿಣಾಮ ರಕ್ತದವರೆಗೂ ತಲುಪುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಆ ಫಲ ಆ ತಳಿಗೆ, ಆ ಪ್ರಮಾಣಕ್ಕೆ ಸೇರಿದ್ದು. ಡಬ್ಬಿಯ ಮೇಲೆ ತಳಿಯ ಹೆಸರೂ ಜೀವಂತ ಬ್ಯಾಕ್ಟೀರಿಯಾಗಳ ಪ್ರಮಾಣವೂ ಇಲ್ಲದಿದ್ದರೆ ಅದರ ಬಗ್ಗೆ ಯಾರೂ ಏನನ್ನೂ ಖಚಿತವಾಗಿ ಹೇಳುವಂತಿಲ್ಲ.

ಹೊಂಬೆಳಕು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಡಿಗಳನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಆಹಾರದ ಪರೀಕ್ಷೆಯನ್ನು ಎಷ್ಟು ದಿನ ನಡೆಸಬೇಕು? ಯಾವ ಆಹಾರ ಒಗ್ಗುವುದಿಲ್ಲವೆಂದು ಕೂದಲು, ಜೊಲ್ಲಿನಿಂದ ಪತ್ತೆಹಚ್ಚುವ ಪರೀಕ್ಷೆಗಳಿವೆಯಂತೆ, ಅವನ್ನು ಮಾಡಿಸಬಹುದೇ? ಹಾಗೆಯೇ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಏನು ಕೇಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಒಳವೈದ್ಯ:

ಕೂದಲು ಮತ್ತು ಜೊಲ್ಲಿನ ಪರೀಕ್ಷೆಗಳನ್ನು ಮಾಡಿಸಬೇಡಿ, ಅವು ನಂಬಲರ್ಹವಲ್ಲ. ಒಗ್ಗದ ಆಹಾರವನ್ನು ಪತ್ತೆಹಚ್ಚಲು ಇರುವ ದಾರಿ ಒಂದೇ: ನಾಯಿ ಹಿಂದೆಂದೂ ತಿನ್ನದ ಪ್ರೋಟೀನಿನ ಆಹಾರ, ಇಲ್ಲವೇ ನಿರೋಧಕ ಕೋಶಗಳು ಗುರುತಿಸಲಾರದಷ್ಟು ಚಿಕ್ಕದಾಗಿ ಪ್ರೋಟೀನನ್ನು ಒಡೆದ ಆಹಾರ. ಇದರ ಹೊರತು ಬೇರೇನೂ ಬಾಯಿಗೆ ಹೋಗಬಾರದು. ಬಹುಮಾನದ ತಿಂಡಿ, ರುಚಿ ಬೆರೆಸಿದ ಮಾತ್ರೆ, ಮನೆಯ ಮಕ್ಕಳು ಕೈಯಿಂದ ಕೊಡುವ ತುಣುಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಭೇದಿಯಲ್ಲಿ ಬದಲಾವಣೆ ಕಾಣುವುದಿದ್ದರೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ಕಾಣುತ್ತದೆ. ಕಿವಿಯ ತುರಿಕೆಗೆ ಎಂಟು ವಾರ ಬೇಕು. ಆದ್ದರಿಂದ ಮಲ ಸರಿಹೋದ ಕೂಡಲೇ ನಿಲ್ಲಿಸಬೇಡಿ. ನೋವಿಗೆಂದು ಮನುಷ್ಯರ ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಎಂದಿಗೂ ಕೊಡಬೇಡಿ. ಒಳಪದರಕ್ಕೆ ರಕ್ತ ಮತ್ತು ಲೋಳೆ ಒದಗುವುದನ್ನು ನಿಯಂತ್ರಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನೇ ಅವು ತಡೆಯುತ್ತವೆ.

ವೈದ್ಯರಲ್ಲಿ ಎರಡು ಅಂಕಿಗಳನ್ನು ಕೇಳಿ. ಒಂದು, ಈಗಾಗಲೇ ಆಗಿರುವ ರಕ್ತಪರೀಕ್ಷೆಯಲ್ಲಿನ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಪ್ರಮಾಣ. ಅದು ಡೆಸಿಲೀಟರಿಗೆ 2 ಗ್ರಾಂಗಿಂತ ಕೆಳಗಿದ್ದರೆ ಒಳಪದರದಿಂದ ಪ್ರೋಟೀನು ಸೋರುತ್ತಿರುವ ಸಂಭವವಿದ್ದು, ಆಹಾರದ ಪರೀಕ್ಷೆಯನ್ನು ಮಾತ್ರ ನಂಬಿ ವಾರಗಟ್ಟಲೆ ಕಾಯುವಂತಿಲ್ಲ. ಇನ್ನೊಂದು, ವಿಟಮಿನ್ ಬಿ12. ಇದು ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಆ ಭಾಗ ಕೆಟ್ಟಾಗ ರಕ್ತದಲ್ಲಿ ಬಿ12 ಇಳಿಯುತ್ತದೆ, ಇಳಿದಾಗ ಒಳಪದರ ಹೊಸ ಕೋಶಗಳನ್ನು ಹುಟ್ಟಿಸುವುದೂ ಕಷ್ಟವಾಗುತ್ತದೆ.

ಹೊಂಬೆಳಕು:

ವರದಿಯನ್ನು ತೆಗೆದು ನೋಡಿದೆ. ಅಲ್ಬುಮಿನ್ ಸಹಜ ಮಟ್ಟದಲ್ಲಿದೆ. ಬಿ12 ಪರೀಕ್ಷೆ ಆಗಿಲ್ಲ, ಮಾಡಿಸುತ್ತೇನೆ. ಅದು ಕಡಿಮೆ ಬಂದರೆ ಚುಚ್ಚುಮದ್ದೇ ಬೇಕಾಗುತ್ತದೆಯೇ? ಸೂಜಿ ಕಂಡರೆ ನಮ್ಮ ನಾಯಿ ಬಹಳ ಹೆದರುತ್ತದೆ.

ಒಳವೈದ್ಯ:

ಅಲ್ಬುಮಿನ್ ಸರಿಯಿರುವುದು ಸಮಾಧಾನದ ವಿಷಯ, ಆಹಾರದ ಪರೀಕ್ಷೆಗೆ ನಿಮಗೆ ಸಮಯವಿದೆ. ಬಿ12ಕ್ಕೆ ಚುಚ್ಚುಮದ್ದೇ ಆಗಬೇಕೆಂದಿಲ್ಲ. ಕರುಳಿನ ಕಾಯಿಲೆಯಿರುವ ನಾಯಿಗಳಲ್ಲಿಯೂ ದಿನಕ್ಕೊಂದರಂತೆ ಬಾಯಿಯ ಮೂಲಕ ಕೊಡುವ ಹೆಚ್ಚಿನ ಪ್ರಮಾಣದ ಮಾತ್ರೆಯಿಂದ ರಕ್ತದ ಮಟ್ಟ ಏರುವುದನ್ನು ಅಧ್ಯಯನಗಳು ತೋರಿಸಿವೆ. ನಾಯಿಯ ತೂಕಕ್ಕೆ ತಕ್ಕ ಪ್ರಮಾಣವನ್ನು ನಿಮ್ಮ ವೈದ್ಯರು ಬರೆದುಕೊಡುತ್ತಾರೆ. ಆ ಮಾತ್ರೆಯಲ್ಲಿ ಮಾಂಸದ ರುಚಿ ಬೆರೆಸಿಲ್ಲವೆಂಬುದನ್ನು ಮಾತ್ರ ಕೊಡುವ ಮೊದಲು ಖಚಿತಪಡಿಸಿಕೊಳ್ಳಿ.